ದಿನಬಳಕೆಯ ಸೈಕಲ್ಲಿಗೆ ಎಂಥ ಗೇರ್? ವ್ಯಾಪಾರಿ ಹಾಗೂ ಉತ್ಪಾದಕ ಗಮನಿಸಬೇಕಾದ ಲೆಕ್ಕ

ಪ್ರತಿ ವರ್ಷ ಬೇಸಿಗೆ ರಜೆ ಮುಗಿದು ಶಾಲಾ ಕಾಲೇಜುಗಳು ಪುನರಾರಂಭವಾಗುವ ಹೊತ್ತಿಗೆ ಸೈಕಲ್ ಅಂಗಡಿಗಳಲ್ಲಿ ವ್ಯಾಪಾರ ಚುರುಕುಗೊಳ್ಳುತ್ತದೆ. ಅಂಗಡಿಗೆ ಬಂದ ಗ್ರಾಹಕನು ಬಣ್ಣವನ್ನು ನೋಡಿ, ಬೆಲೆಯನ್ನು ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇದಕ್ಕೆ ಎಷ್ಟು ಗೇರ್ ಇವೆ?” ಏಳು ಎಂದರೆ ಮುಖ ಸಪ್ಪಗಾಗುತ್ತದೆ, ಇಪ್ಪತ್ತೊಂದು ಎಂದರೆ ಅರಳುತ್ತದೆ. ವ್ಯಾಪಾರಿಯೂ ಅದಕ್ಕೆ ತಕ್ಕಂತೆ ಇಪ್ಪತ್ತೊಂದು ಗೇರಿನ ಸೈಕಲ್ಲುಗಳನ್ನೇ ತರಿಸಿ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸುತ್ತಾನೆ. ಆರು ತಿಂಗಳು ಕಳೆದ ಮೇಲೆ ಅದೇ ಸೈಕಲ್ಲು ಚೈನಿಗೆ ತುಕ್ಕು ಹಿಡಿದು, ಗೇರಿನ ತಂತಿ ಸಡಿಲಗೊಂಡು ಗ್ರಾಹಕನ ಮನೆಯ ಮೆಟ್ಟಿಲಿನ ಕೆಳಗೆ ನಿಂತಿರುತ್ತದೆ. ಗ್ರಾಹಕನಿಗೆ ಹಣ ನಷ್ಟ, ವ್ಯಾಪಾರಿಗೆ ಗ್ರಾಹಕನೇ ನಷ್ಟ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯಿದೆ. ದಿನವೂ ಬಳಸುವ ಸೈಕಲ್ಲಿನ ಗೇರನ್ನು ಪರರ ಇಚ್ಛೆಗೆ ಬಿಟ್ಟುಕೊಟ್ಟಿರುವುದೇ ಈ ವ್ಯವಹಾರದ ಮೂಲ ದೋಷವಾಗಿದೆ. ಗೇರುಗಳ ಸಂಖ್ಯೆಯಿಂದ ಸೈಕಲ್ಲಿನ ಉಪಯುಕ್ತತೆಯನ್ನು ಅಳೆಯಲು ಸಾಧ್ಯವಿಲ್ಲ. ಅತಿ ಹಗುರವಾದ ಗೇರ್ ಎಷ್ಟು ಹಗುರ, ಅತಿ ಭಾರವಾದ ಗೇರ್ ಎಷ್ಟು ಭಾರ, ಸವಾರನ ದಿನನಿತ್ಯದ ದಾರಿ ಎಂಥದು ಎಂಬ ಮೂರು ಸಂಗತಿಗಳು ಗೊತ್ತಾದರೆ ಆಯ್ಕೆ ಬಹುಮಟ್ಟಿಗೆ ಮುಗಿದಂತೆ. ಈ ಲೆಕ್ಕ ಕಠಿಣವಾದುದಲ್ಲ. ಭಾಗಾಕಾರ ಮತ್ತು ಗುಣಾಕಾರ ಬಲ್ಲ ಯಾವ ವ್ಯಾಪಾರಿಯೂ ಇದನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಮಾಡಿಕೊಳ್ಳಬಹುದು.

ಒಂದು ಸುತ್ತಿಗೆ ಎಷ್ಟು ದೂರ?

ಪೆಡಲನ್ನು ಒಂದು ಪೂರ್ಣ ಸುತ್ತು ತುಳಿದಾಗ ಸೈಕಲ್ಲು ಎಷ್ಟು ದೂರ ಸಾಗುತ್ತದೆ ಎಂಬುದೇ ಗೇರಿನ ನಿಜವಾದ ಅಳತೆ. ಮುಂದಿನ ಚೈನ್ ವೀಲಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಫ್ರೀ ವೀಲಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ, ಬಂದ ಅನುಪಾತವನ್ನು ಹಿಂದಿನ ಚಕ್ರದ ಸುತ್ತಳತೆಯಿಂದ ಗುಣಿಸಿದರೆ ಈ ದೂರ ದೊರೆಯುತ್ತದೆ.

ಎಲ್ಲರಿಗೂ ಪರಿಚಿತವಾದ 28 ಅಂಗುಲ ಚಕ್ರದ ಕರಿ ಸೈಕಲ್ಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಮುಂದಿನ ಚೈನ್ ವೀಲಿಗೆ 44 ಹಲ್ಲು, ಹಿಂದಿನ ಫ್ರೀ ವೀಲಿಗೆ 18 ಹಲ್ಲು ಇದೆ ಎಂದಿಟ್ಟುಕೊಳ್ಳೋಣ. ಅನುಪಾತ 2.44. ಚಕ್ರದ ಸುತ್ತಳತೆ ಸುಮಾರು 2.23 ಮೀಟರ್. ಆದ್ದರಿಂದ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು 5.45 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 50 ಸುತ್ತು ತುಳಿದರೆ ಗಂಟೆಗೆ ಸುಮಾರು 16 ಕಿ.ಮೀ. ವೇಗ ಬರುತ್ತದೆ. ಬಯಲು ನಾಡಿನ ಸಮತಟ್ಟಾದ ರಸ್ತೆಯಲ್ಲಿ, ಗಾಳಿಯಿಲ್ಲದ ದಿನ, ಬೆನ್ನಿಗೆ ಹೊರೆಯಿಲ್ಲದ ಸವಾರನಿಗೆ ಇದು ಹೇಳಿ ಮಾಡಿಸಿದ ಗೇರ್. ಈ ಸೈಕಲ್ಲು ದಶಕಗಳ ಕಾಲ ದೇಶವನ್ನೇ ಹೊತ್ತು ಸಾಗಿದ್ದರ ಹಿಂದೆ ಈ ಸರಳ ಲೆಕ್ಕವಿದೆ.

ಏರು ಬಂದಾಗ ಆಗುವುದೇನು?

ಆದರೆ ರಸ್ತೆ ಎಲ್ಲ ಕಡೆಯೂ ಸಮತಟ್ಟಾಗಿರುವುದಿಲ್ಲ. ಹಾಲಿನ ಕ್ಯಾನು ಅಥವಾ ತರಕಾರಿ ಬುಟ್ಟಿ ಕಟ್ಟಿಕೊಂಡ ಸವಾರನನ್ನು ಕಲ್ಪಿಸಿಕೊಳ್ಳಬಹುದು. ಸವಾರ 65 ಕೆ.ಜಿ., ಸೈಕಲ್ಲು 20 ಕೆ.ಜಿ., ಹೊರೆ 25 ಕೆ.ಜಿ.; ಒಟ್ಟು 110 ಕೆ.ಜಿ. ಎದುರಿಗೆ ಶೇಕಡಾ 5ರ ಏರು, ಅಂದರೆ ನೂರು ಮೀಟರ್ ಸಾಗಿದರೆ ಐದು ಮೀಟರ್ ಎತ್ತರ. ನೋಡಲು ಇದು ದೊಡ್ಡ ಏರೇನಲ್ಲ. ಮೋಟಾರು ಬೈಕಿನವರಿಗೆ ಗಮನಕ್ಕೂ ಬಾರದು.

ಈ ಏರಿನಲ್ಲಿ ಗಂಟೆಗೆ 6.5 ಕಿ.ಮೀ. ವೇಗದಲ್ಲಿ ಸಾಗಲು ಸುಮಾರು 117 ವ್ಯಾಟ್ ಶಕ್ತಿ ಬೇಕು. ಆರೋಗ್ಯವಂತನಾದ, ಆದರೆ ಕ್ರೀಡಾಪಟುವಲ್ಲದ ಒಬ್ಬ ದುಡಿಯುವ ಮನುಷ್ಯ ಬಹಳ ಹೊತ್ತು ನೀಡಬಲ್ಲ ಶಕ್ತಿ ಸುಮಾರು 75ರಿಂದ 100 ವ್ಯಾಟ್; ಕೆಲವು ನಿಮಿಷಗಳ ಮಟ್ಟಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಶಕ್ತಿಯ ದೃಷ್ಟಿಯಿಂದ ಈ ಏರು ಆತನ ಅಳವಿನಲ್ಲಿಯೇ ಇದೆ. ಹಾಗಾದರೆ ಆತ ಇಳಿದು ಸೈಕಲ್ಲನ್ನು ತಳ್ಳುವುದೇಕೆ?

ಉತ್ತರ ಗೇರಿನಲ್ಲಿದೆ. ಕರಿ ಸೈಕಲ್ಲಿನಲ್ಲಿ ಆ ವೇಗಕ್ಕೆ ಪೆಡಲು ನಿಮಿಷಕ್ಕೆ ಕೇವಲ 20 ಸುತ್ತು ತಿರುಗುತ್ತದೆ, ಮತ್ತು ಪ್ರತಿ ಸುತ್ತಿಗೂ ಸರಾಸರಿ 34 ಕೆ.ಜಿ.ಯಷ್ಟು ಒತ್ತಡ ಹಾಕಬೇಕಾಗುತ್ತದೆ. ಪೆಡಲು ಮೇಲಿರುವಾಗ ಮತ್ತು ಕೆಳಗಿರುವಾಗ ಹಾಕಿದ ಒತ್ತಡ ಪ್ರಯೋಜನಕ್ಕೆ ಬಾರದ ಕಾರಣ ನಡುವಿನಲ್ಲಿ ಸರಾಸರಿಯ ಒಂದೂವರೆ ಪಟ್ಟು ತುಳಿಯಬೇಕು. ಇದನ್ನು ಮಂಡಿಗಳು ತಾಳುವುದಿಲ್ಲ. ಅದೇ ಸವಾರನಿಗೆ ಒಂದು ಸುತ್ತಿಗೆ 2.17 ಮೀಟರ್ ಸಾಗುವ ಹಗುರ ಗೇರ್ ಕೊಟ್ಟರೆ, ಅದೇ ವೇಗಕ್ಕೆ ಪೆಡಲು 50 ಸುತ್ತು ತಿರುಗುತ್ತದೆ; ಸರಾಸರಿ ಒತ್ತಡ 13.5 ಕೆ.ಜಿ.ಗೆ ಇಳಿಯುತ್ತದೆ. ಶಕ್ತಿಯ ವೆಚ್ಚ ಒಂದೇ, ಪಾವತಿಯ ಕಂತುಗಳು ಬೇರೆ. ದೊಡ್ಡ ಮೊತ್ತದ ಸಾಲವನ್ನು ಒಂದೇ ಬಾರಿಗೆ ತೀರಿಸಲಾಗದ ವ್ಯಾಪಾರಿ ಸಣ್ಣ ಕಂತುಗಳಲ್ಲಿ ನಿರಾಯಾಸವಾಗಿ ತೀರಿಸುವುದೂ ಇದೇ ರೀತಿಯಲ್ಲಿಯೇ. ದಿನಬಳಕೆಯ ಸವಾರನಿಗೆ ಗೇರಿನಿಂದ ಆಗುವ ಮುಖ್ಯ ಉಪಕಾರ ಇದು. ವೇಗ ಹೆಚ್ಚಿಸುವುದು ಅದರ ಗೌಣ ಪ್ರಯೋಜನ ಮಾತ್ರ.

ಇಪ್ಪತ್ತೊಂದರ ಒಳಗುಟ್ಟು

ಈಗ ಇಪ್ಪತ್ತೊಂದು ಗೇರಿನ ಸೈಕಲ್ಲನ್ನು ಪರಿಶೀಲಿಸೋಣ. ಮುಂದೆ 42, 34 ಮತ್ತು 24 ಹಲ್ಲುಗಳ ಮೂರು ಚೈನ್ ವೀಲುಗಳು. ಹಿಂದೆ 14ರಿಂದ 28 ಹಲ್ಲುಗಳವರೆಗಿನ ಏಳು ಬಿಲ್ಲೆಗಳು. ಮೂರೇಳಲಿ ಇಪ್ಪತ್ತೊಂದು. ಆದರೆ ಅನುಪಾತಗಳನ್ನು ಒಂದೊಂದಾಗಿ ಬರೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. 42ಕ್ಕೆ 28 ಎಂದರೆ 1.5, 24ಕ್ಕೆ 16 ಎಂದರೂ 1.5. 42ಕ್ಕೆ 24 ಎಂದರೆ 1.75; 34ಕ್ಕೆ 20 ಎಂದರೆ 1.70, 24ಕ್ಕೆ 14 ಎಂದರೆ 1.71. ಸವಾರನ ಕಾಲಿಗೆ ಈ ಮೂರರ ನಡುವೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಹೀಗೆ ಒಂದರ ಮೇಲೊಂದು ಬೀಳುವ ಗೇರುಗಳನ್ನು ಕಳೆದರೆ ನಿಜವಾಗಿ ಉಳಿಯುವುದು ಹನ್ನೆರಡರಷ್ಟು ಮಾತ್ರ. ಅವುಗಳಲ್ಲಿಯೂ ಮುಂದಿನ ದೊಡ್ಡ ಚೈನ್ ವೀಲನ್ನು ಹಿಂದಿನ ದೊಡ್ಡ ಬಿಲ್ಲೆಗೆ, ಚಿಕ್ಕದನ್ನು ಚಿಕ್ಕದಕ್ಕೆ ಹಾಕಿದರೆ ಚೈನು ಓರೆಯಾಗಿ ಎಳೆಯಲ್ಪಟ್ಟು ಬೇಗ ಸವೆಯುತ್ತದೆ. ಆದ್ದರಿಂದ ಆ ಜೋಡಣೆಗಳನ್ನು ಬಳಸಬಾರದು.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಆಸ್ತಿಯನ್ನು ಎರಡೆರಡು ಬಾರಿ ನಮೂದಿಸಿ ಆಸ್ತಿಯ ಮೊತ್ತವನ್ನು ಉಬ್ಬಿಸಿ ತೋರಿಸಿದಂತೆ ಇದು.

ಇದರೊಡನೆ ಮುಂದೆ ಒಂದೇ 36 ಹಲ್ಲಿನ ಚೈನ್ ವೀಲು, ಹಿಂದೆ 14ರಿಂದ 34 ಹಲ್ಲಿನವರೆಗಿನ ಏಳು ಬಿಲ್ಲೆಗಳಿರುವ ಸೈಕಲ್ಲನ್ನು ಹೋಲಿಸಿ ನೋಡಬಹುದು. 26 ಅಂಗುಲ ಚಕ್ರದ ಸುತ್ತಳತೆ ಸುಮಾರು 2.05 ಮೀಟರ್ ಎಂದು ಹಿಡಿದರೆ, ಪೆಡಲಿನ ಒಂದು ಸುತ್ತಿಗೆ ಸಾಗುವ ದೂರ ಹೀಗಿರುತ್ತದೆ:

ಹಿಂದೆ 34 ಹಲ್ಲು – 2.17 ಮೀಟರ್
ಹಿಂದೆ 24 ಹಲ್ಲು – 3.08 ಮೀಟರ್
ಹಿಂದೆ 22 ಹಲ್ಲು – 3.35 ಮೀಟರ್
ಹಿಂದೆ 20 ಹಲ್ಲು – 3.69 ಮೀಟರ್
ಹಿಂದೆ 18 ಹಲ್ಲು – 4.10 ಮೀಟರ್
ಹಿಂದೆ 16 ಹಲ್ಲು – 4.61 ಮೀಟರ್
ಹಿಂದೆ 14 ಹಲ್ಲು – 5.27 ಮೀಟರ್

18 ಹಲ್ಲಿನ ಬಿಲ್ಲೆಯಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 15 ಕಿ.ಮೀ. ವೇಗ, ಇದೇ ನಿತ್ಯದ ಗೇರ್. 14 ಹಲ್ಲಿನಲ್ಲಿ 19 ಕಿ.ಮೀ. 24ರಿಂದ 34ಕ್ಕೆ ಇರುವ ದೊಡ್ಡ ಜಿಗಿತ ಪಂದ್ಯದ ಸವಾರನಿಗೆ ಇಷ್ಟವಾಗಲಾರದು; ಆದರೆ ದಿನಬಳಕೆಯ ಸವಾರನಿಗೆ ಏರು ಕಂಡೊಡನೆ ಕೈಗೆ ಸಿಗುವ ಆಪತ್ಕಾಲದ ನಿಧಿ ಅದು. ಇಪ್ಪತ್ತೊಂದು ಗೇರಿನ ಸೈಕಲ್ಲಿನ ವ್ಯಾಪ್ತಿ ಒಂದು ಸುತ್ತಿಗೆ 1.76ರಿಂದ 6.15 ಮೀಟರ್. ಏಳು ಗೇರಿನದು 2.17ರಿಂದ 5.27 ಮೀಟರ್. ಎರಡೂ ತುದಿಗಳಲ್ಲಿ ಕಳೆದುಕೊಂಡದ್ದು ಅಲ್ಪ. ಪ್ರತಿಯಾಗಿ ಮುಂದಿನ ಡಿರೇಲರ್, ಎಡಗೈಯ ಗೇರ್ ಹಿಡಿ, ಒಂದು ತಂತಿ ಮತ್ತು ಎರಡು ಚೈನ್ ವೀಲುಗಳು ಉಳಿದವು. ಹೊಂದಿಸುವವರಿಗೆ ಹೆಚ್ಚು ಕಾಟ ಕೊಡುವುದೂ ಈ ಮುಂದಿನ ಡಿರೇಲರೇ ಆಗಿದೆ.

ಇನ್ನೊಂದು ಲಾಭವನ್ನು ಮರೆಯುವಂತಿಲ್ಲ. ಮುಂದೆ ಒಂದೇ ಚೈನ್ ವೀಲು ಇದ್ದಾಗ ಅದಕ್ಕೆ ಚೈನ್ ಕವರ್ ಹಾಕುವುದು ಸುಲಭ. ಸೀರೆ, ದುಪಟ್ಟಾ, ಪ್ಯಾಂಟಿನ ಅಂಚು ಚೈನಿಗೆ ಸಿಕ್ಕುವ ಭಯ ದೂರವಾಗುತ್ತದೆ. ಕೆಲಸಕ್ಕೆ ಹೋಗುವ ಮಹಿಳೆಯರನ್ನು ಗ್ರಾಹಕರನ್ನಾಗಿ ಪಡೆಯಬಯಸುವ ವ್ಯಾಪಾರಿಗೆ ಇದು ಸಣ್ಣ ವಿಷಯವಲ್ಲ.

ಗೇರ್ ಬಂದದ್ದು ಯಾರಿಗಾಗಿ?

ಗೇರ್ ಎಂಬುದು ಪಂದ್ಯದ ಸವಾರರ ಸಲಕರಣೆ ಎಂಬ ಭಾವನೆ ಜನರಲ್ಲಿದೆ. ಇತಿಹಾಸ ಇದಕ್ಕೆ ವಿರುದ್ಧವಾಗಿದೆ. ಫ್ರಾನ್ಸಿನ ಸೇಂಟ್ ಎಟಿಯೆನ್ ನಗರದ ಪಾಲ್ ದ ವಿವಿ (1853–1930) ಮೊದಲು ರೇಷ್ಮೆ ವ್ಯಾಪಾರದಲ್ಲಿದ್ದವರು. ಅನಂತರ ಸೈಕಲ್ ವ್ಯಾಪಾರಕ್ಕೆ ಬಂದು, 1887ರಲ್ಲಿ ಸೈಕಲ್ ಸವಾರರಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಬೆಟ್ಟಗಳಿಂದ ಸುತ್ತುವರಿದ ಆ ಊರಿನಲ್ಲಿ ಒಂದೇ ಗೇರಿನ ಸೈಕಲ್ಲು ಸಾಲದೆಂದು ಕಂಡುಕೊಂಡು, ಗೇರ್ ಬದಲಿಸುವ ವ್ಯವಸ್ಥೆಗಳ ಪರವಾಗಿ ಜೀವಮಾನವಿಡೀ ವಾದಿಸಿದರು. ಅವರ ದೃಷ್ಟಿಯಲ್ಲಿದ್ದವರು ದೂರದ ಊರುಗಳಿಗೆ ಸ್ವಂತ ಕಾಲಿನ ಬಲದಿಂದ ಹೋಗಬಯಸುವ ಸಾಮಾನ್ಯರು. ಇತ್ತ ಪ್ರಖ್ಯಾತ ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಸ್ಪರ್ಧಿಗಳಿಗೆ ಡಿರೇಲರ್ ಬಳಸಲು ಅನುಮತಿ ದೊರೆತದ್ದು 1937ರಲ್ಲಿ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902ರಲ್ಲಿ ಆರಂಭವಾದ ಸ್ಟರ್ಮಿ ಆರ್ಚರ್ ಸಂಸ್ಥೆ ಹಿಂದಿನ ಚಕ್ರದ ಹಬ್ಬಿನೊಳಗೇ ಅಡಗಿದ ಮೂರು ಗೇರುಗಳನ್ನು ತಯಾರಿಸಿತು. 1936ರಲ್ಲಿ ಬಂದ ಅದರ ‘ಎ.ಡಬ್ಲ್ಯು.’ ಮಾದರಿ ಕಾರ್ಮಿಕರು, ಗುಮಾಸ್ತರು, ಅಂಚೆಯವರ ಸೈಕಲ್ಲುಗಳಲ್ಲಿ ದಶಕಗಳ ಕಾಲ ದುಡಿಯಿತು. ಅಂದರೆ ಸಾಮಾನ್ಯ ಸವಾರನ ಅನುಕೂಲಕ್ಕಾಗಿ ಬೆಳೆದ ಗೇರ್ ಮುಂದೆ ಪಂದ್ಯಕ್ಕೂ ಬೆಟ್ಟದ ಸಾಹಸಕ್ಕೂ ಹೋಗಿ, ಅಲ್ಲಿನ ವೇಷ ತೊಟ್ಟು ಮತ್ತೆ ಸಾಮಾನ್ಯನ ಅಂಗಡಿಗೆ ಬಂದಿದೆ. ವೇಷವನ್ನು ಕಳಚಿ ಉಪಯೋಗವನ್ನು ಉಳಿಸಿಕೊಳ್ಳುವುದು ಈಗ ವ್ಯಾಪಾರಿಯ ಜಾಣ್ಮೆಗೆ ಬಿಟ್ಟದ್ದು.

ಊರಿಗೆ ತಕ್ಕ ಗೇರ್

ಕರ್ನಾಟಕದಂತಹ ರಾಜ್ಯದಲ್ಲಿ ಒಂದೇ ಬಗೆಯ ಸೈಕಲ್ಲು ಎಲ್ಲ ಊರಿಗೂ ಒಪ್ಪುವುದಿಲ್ಲ. ರಾಯಚೂರಿನ ಬಯಲಿಗೂ ಶೃಂಗೇರಿಯ ಏರಿಗೂ ಹೋಲಿಕೆಯೆಲ್ಲಿ? ಸ್ಥೂಲವಾಗಿ ಮೂರು ವರ್ಗಗಳನ್ನು ಗುರುತಿಸಬಹುದು.

ಮೊದಲನೆಯದು, ದಾವಣಗೆರೆ, ರಾಯಚೂರಿನಂತಹ ಬಹುಮಟ್ಟಿಗೆ ಸಮತಟ್ಟಾದ ಊರುಗಳು. ಇಲ್ಲಿ ಮೂರು ನಾಲ್ಕು ಕಿ.ಮೀ. ದೂರದ ಓಡಾಟಕ್ಕೆ ಗೇರ್ ಇಲ್ಲದ ಸೈಕಲ್ಲೇ ಸಾಕು. ಅದನ್ನು ಮಾರಲು ವ್ಯಾಪಾರಿ ಸಂಕೋಚಪಡಬೇಕಾಗಿಲ್ಲ. ಆದರೆ ಹೊರೆ ಹೊರುವ ಸವಾರನಿಗೆ 18 ಹಲ್ಲಿನ ಫ್ರೀ ವೀಲಿನ ಬದಲು 20 ಅಥವಾ 22 ಹಲ್ಲಿನದನ್ನು ಹಾಕಿಕೊಡಬಹುದು. 44ಕ್ಕೆ 22 ಹಾಕಿದರೆ ಒಂದು ಸುತ್ತಿನ ದೂರ 5.45ರಿಂದ 4.46 ಮೀಟರಿಗೆ ಇಳಿಯುತ್ತದೆ. ತುಳಿತ ಶೇಕಡಾ 18ರಷ್ಟು ಹಗುರವಾಗುತ್ತದೆ. ಒಂದು ಬಿಲ್ಲೆ, ಚೈನಿಗೆ ಒಂದೆರಡು ಕೊಂಡಿ, ಅರ್ಧ ಗಂಟೆಯ ಕೆಲಸ. ಸೈಕಲ್ ವ್ಯಾಪಾರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೆಚ್ಚು ಕೃತಜ್ಞತೆ ಗಳಿಸುವ ಕೆಲಸ ಮತ್ತೊಂದಿಲ್ಲ.

ಎರಡನೆಯದು, ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡದಂತಹ ಏರಿಳಿತದ ಊರುಗಳು. ಇಲ್ಲಿ ಮೇಲೆ ವಿವರಿಸಿದ ಒಂದು ಚೈನ್ ವೀಲು, ಏಳು ಬಿಲ್ಲೆಗಳ ಸೈಕಲ್ಲು ಹೆಚ್ಚಿನವರಿಗೆ ಸಾಕು. ಗದಗ ಸೀಮೆಯ ಬಯಲಿಗೂ ಇದನ್ನೇ ಸೂಚಿಸಬಹುದು. ಏಕೆಂದರೆ ಆಷಾಢದ ಎದುರುಗಾಳಿ ಏರಿಗಿಂತ ಕಡಿಮೆಯದಲ್ಲ. ಏರಾದರೂ ಒಂದೆಡೆ ಮುಗಿಯುತ್ತದೆ. ಗಾಳಿ ಊರು ಮುಟ್ಟುವವರೆಗೂ ಬಿಡುವುದಿಲ್ಲ.

ಮೂರನೆಯದು, ಮಂಗಳೂರು, ಮಡಿಕೇರಿ ಮತ್ತು ಮಲೆನಾಡಿನ ಊರುಗಳು. ಮಂಗಳೂರಿನ ಬಂದರಿನಿಂದ ಬಾವುಟಗುಡ್ಡೆಯ ಕಡೆಗೆ ಹೊರೆಯೊಡನೆ ಸಾಗುವವನಿಗೆ ಒಂದು ಸುತ್ತಿಗೆ 2 ಮೀಟರಿಗಿಂತ ಕಡಿಮೆ ಸಾಗುವ ಗೇರ್ ಅಗತ್ಯ. ಮುಂದಿನ ಚೈನ್ ವೀಲನ್ನು 36ರಿಂದ 30 ಅಥವಾ 32 ಹಲ್ಲಿಗೆ ಇಳಿಸಿದರೆ ಇದು ಸಾಧ್ಯ. 32 ಹಲ್ಲಾದರೆ ಅತಿ ಹಗುರದ ಗೇರ್ 1.93 ಮೀಟರ್. ಇಳಿಜಾರಿನಲ್ಲಿ ತುಳಿಯಲು ಭಾರದ ಗೇರ್ ಇಲ್ಲವೆಂದು ಕೊರಗಬೇಕಾಗಿಲ್ಲ. ಇಳಿಜಾರಿನಲ್ಲಿ ಬೇಕಾದದ್ದು ಒಳ್ಳೆಯ ಬ್ರೇಕ್. ಮುಂದೆ ಎರಡು ಮೂರು ಚೈನ್ ವೀಲುಗಳ ಅಗತ್ಯ ನಿಜವಾಗಿ ಇರುವುದು ಈ ವರ್ಗದಲ್ಲಿ ದೂರ ಪ್ರಯಾಣ ಮಾಡುವ ಕೆಲವರಿಗೆ ಮಾತ್ರ.

ಹಬ್ಬಿನೊಳಗಿನ ಗೇರ್

ಹಬ್ ಗೇರಿನ ಸೈಕಲ್ಲು ಇಲ್ಲಿನ ಅಂಗಡಿಗಳಲ್ಲಿ ಅಪರೂಪ, ಬೆಲೆಯೂ ಹೆಚ್ಚು. ಆದರೂ ದಿನಬಳಕೆಗೆ ಅದರ ಗುಣಗಳು ಗಮನಾರ್ಹ. ಯಂತ್ರಭಾಗಗಳು ಹಬ್ಬಿನೊಳಗೆ ಇರುವುದರಿಂದ ಮಳೆ, ಕೆಸರು, ಧೂಳು ಅವನ್ನು ಮುಟ್ಟುವುದಿಲ್ಲ. ಚೈನನ್ನು ಪೂರ್ತಿಯಾಗಿ ಮುಚ್ಚಬಹುದು. ಎಲ್ಲಕ್ಕಿಂತ ಮಿಗಿಲಾಗಿ ನಿಂತಲ್ಲಿಯೇ ಗೇರ್ ಬದಲಿಸಬಹುದು. ಡಿರೇಲರ್ ಗೇರ್ ಬದಲಾಗಲು ಪೆಡಲು ತಿರುಗುತ್ತಿರಬೇಕು. ಭಾರದ ಗೇರಿನಲ್ಲಿ ಬಂದು ಸಿಗ್ನಲ್ಲಿನಲ್ಲಿ ಥಟ್ಟನೆ ನಿಂತ ಸವಾರ ಹಸಿರು ದೀಪ ಬಂದಾಗ ಪಡುವ ಪಾಡು ಎಲ್ಲರೂ ಕಂಡದ್ದೇ.

ಸ್ಟರ್ಮಿ ಆರ್ಚರಿನ ಮೂರು ಗೇರುಗಳ ಅನುಪಾತ ಶೇಕಡಾ 75, 100 ಮತ್ತು 133. ಇಲ್ಲಿಯೂ ಹಲ್ಲಿನ ಲೆಕ್ಕ ತಪ್ಪಿದರೆ ಹಣ ವ್ಯರ್ಥ. 44ಕ್ಕೆ 18 ಹಲ್ಲಿನ ಜೋಡಣೆಯಲ್ಲಿಯೇ ಇದನ್ನು ಕೂರಿಸಿದರೆ ಮೇಲಿನ ಗೇರ್ ಒಂದು ಸುತ್ತಿಗೆ 7.25 ಮೀಟರ್ ಆಗುತ್ತದೆ. ಪಂದ್ಯದ ಸವಾರನ ಹೊರತು ಯಾರೂ ಅದನ್ನು ತುಳಿಯಲಾರರು. ಮೂರರಲ್ಲಿ ಒಂದು ಗೇರ್ ಹೀಗೆ ನಿರುಪಯೋಗಿಯಾಗುತ್ತದೆ. ಹಿಂದೆ 22 ಹಲ್ಲಿನ ಬಿಲ್ಲೆ ಹಾಕಿದರೆ 3.35, 4.46 ಮತ್ತು 5.93 ಮೀಟರ್ ದೊರೆತು ಮೂರೂ ಉಪಯೋಗಕ್ಕೆ ಬರುತ್ತವೆ. ಶಿಮಾನೋ ಸಂಸ್ಥೆಯ ಎಂಟು ಗೇರಿನ ನೆಕ್ಸಸ್ ಹಬ್ಬಿನ ವ್ಯಾಪ್ತಿ ಶೇಕಡಾ 307. ಏರಿಳಿತದ ಊರಿಗೆ ಅದು ಧಾರಾಳವಾಗಿ ಸಾಕು. ಆದರೆ ಬಿಚ್ಚಿ ಸರಿಪಡಿಸಬಲ್ಲ ಕೆಲಸಗಾರ ಊರಿನಲ್ಲಿ ಇದ್ದಾನೆಯೇ ಎಂದು ಮೊದಲು ನೋಡಿಕೊಂಡು ಅನಂತರ ತರಿಸುವುದು ಕ್ಷೇಮ.

ದಾಸ್ತಾನಿನ ಲೆಕ್ಕ

ವ್ಯಾಪಾರಿಯ ದೃಷ್ಟಿಯಿಂದ ಇಷ್ಟೆಲ್ಲ ವಿಚಾರದ ಸಾರ ದಾಸ್ತಾನಿನಲ್ಲಿದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳಬಹುದು.

ತಲಾ 9,000 ರೂ. ಕೊಂಡ ಬೆಲೆಯ 20 ಇಪ್ಪತ್ತೊಂದು ಗೇರಿನ ಸೈಕಲ್ಲುಗಳಲ್ಲಿ ಹೂಡಿದ ಹಣ 1,80,000 ರೂ. ಒಂದಕ್ಕೆ 1,500 ರೂ. ಒಟ್ಟು ಲಾಭವೆಂದರೆ 30,000 ರೂ. ಅವು ಸರಾಸರಿ ಆರು ತಿಂಗಳು ಅಂಗಡಿಯಲ್ಲಿ ನಿಂತರೆ ವಾರ್ಷಿಕ ಶೇಕಡಾ 12ರ ಬಡ್ಡಿ 10,800 ರೂ. ಮಾರಿದ ಮೇಲೆ ಪ್ರತಿಯೊಂದೂ ಎರಡು ಬಾರಿ ಉಚಿತ ರಿಪೇರಿಗೆ ಬಂದರೆ, ಬಾರಿಗೆ 100 ರೂ. ಕೂಲಿಯಂತೆ 4,000 ರೂ. ಉಳಿದದ್ದು 15,200 ರೂ.

ತಲಾ 8,000 ರೂ. ಬೆಲೆಯ 20 ಏಳು ಗೇರಿನ ಸೈಕಲ್ಲುಗಳಲ್ಲಿ ಹೂಡಿದ ಹಣ 1,60,000 ರೂ. ಒಂದಕ್ಕೆ 1,200 ರೂ. ಲಾಭದಂತೆ 24,000 ರೂ. ಸರಾಸರಿ ಮೂರು ತಿಂಗಳಲ್ಲಿ ಮಾರಾಟವಾದರೆ ಬಡ್ಡಿ 4,800 ರೂ.; ಒಂದು ಬಾರಿಯ ರಿಪೇರಿಗೆ 2,000 ರೂ. ಉಳಿದದ್ದು 17,200 ರೂ. ಅಲ್ಲದೆ ಮೂರು ತಿಂಗಳು ಮೊದಲೇ ಬಿಡುಗಡೆಯಾದ ಬಂಡವಾಳ ಎರಡನೆಯ ಸುತ್ತಿಗೆ ಸಿದ್ಧವಾಗಿರುತ್ತದೆ.

ಈ ಲೆಕ್ಕ ನಿಂತಿರುವುದು ಏಳು ಗೇರಿನ ಸೈಕಲ್ಲು ಬೇಗ ಮಾರಾಟವಾಗುತ್ತದೆ ಎಂಬ ಊಹೆಯ ಮೇಲೆ ಎಂಬುದನ್ನು ಮರೆಯಬಾರದು. ಗ್ರಾಹಕ ತಾನಾಗಿ ಅದನ್ನು ಕೇಳುವುದಿಲ್ಲ. ವ್ಯಾಪಾರಿ ವಿವರಿಸಬೇಕು, ಏರಿನಲ್ಲಿ ಓಡಿಸಿ ನೋಡಲು ಕೊಡಬೇಕು. ವಿವರಿಸುವ ಶ್ರಮ ಬೇಡವೆನ್ನುವವರಿಗೆ ಇಪ್ಪತ್ತೊಂದೇ ಸುಲಭವಾಗಿ ಕಾಣುವುದು ಸಹಜ. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಪುಸ್ತಕಗಳಿಂದ ನಿಜವಾದ ಅಂಕಿಗಳನ್ನು ತೆಗೆದು ಈ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡುವುದು ಒಳ್ಳೆಯದು.

ಬಿಡಿಭಾಗಗಳಲ್ಲಿಯೂ ಉಳಿತಾಯವಿದೆ. ಆರು, ಏಳು ಮತ್ತು ಎಂಟು ಬಿಲ್ಲೆಗಳ ಸೈಕಲ್ಲುಗಳಿಗೆ ಒಂದೇ ಅಗಲದ ಚೈನು ಹೊಂದುತ್ತದೆ. ಒಂಬತ್ತು, ಹತ್ತು, ಹನ್ನೊಂದಕ್ಕೆ ಬೇರೆ ಬೇರೆ ಬೇಕು. ಗೇರ್ ಇಲ್ಲದ ಸೈಕಲ್ಲಿನ ಚೈನು ಅರ್ಧ ಅಂಗುಲಕ್ಕೆ ಎಂಟನೇ ಒಂದು ಅಂಗುಲದ್ದು; ಅದು ಗೇರ್ ಸೈಕಲ್ಲಿಗೆ ನಡೆಯದು. ಮಾರಾಟವನ್ನು ಏಳು ಗೇರಿಗೆ ಸೀಮಿತಗೊಳಿಸಿದರೆ ಎರಡು ಬಗೆಯ ಚೈನು, ಎರಡು ಬಗೆಯ ಫ್ರೀ ವೀಲು, ಒಂದು ಬಗೆಯ ಹಿಂದಿನ ಡಿರೇಲರ್, ಕೆಲವು ತಂತಿಗಳು – ಇಷ್ಟರಲ್ಲಿ ಅಂಗಡಿ ನಡೆಯುತ್ತದೆ. ವರ್ಷದ ಕೊನೆಗೆ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಮೌಲ್ಯಮಾಪನ ಮಾಡಬೇಕೆಂಬುದು ಲೆಕ್ಕಪತ್ರದ ನಿಯಮ. ಯಾವ ಸೈಕಲ್ಲಿಗೂ ಹೊಂದದ ಹಳೆಯ ಗೇರ್ ಭಾಗಗಳು ಕಪಾಟಿನಲ್ಲಿ ಎಷ್ಟಿವೆ ಎಂದು ಪ್ರಾಮಾಣಿಕವಾಗಿ ಎಣಿಸಿದ ದಿನ ಹಲವು ವ್ಯಾಪಾರಿಗಳಿಗೆ ಗೇರಿನ ನಿಜವಾದ ಬೆಲೆ ತಿಳಿದೀತು.

ಸಣ್ಣ ಉದ್ದಿಮೆದಾರರಿಗೆ ಅವಕಾಶ

ಜಪಾನಿನ ಸಕಾಯಿ ಪಟ್ಟಣದಲ್ಲಿ 1921ರಲ್ಲಿ ಶೋಜಬುರೊ ಶಿಮಾನೋ ಆರಂಭಿಸಿದ ಸಣ್ಣ ಕಬ್ಬಿಣದ ಕಾರ್ಖಾನೆಯ ಮೊದಲ ಉತ್ಪನ್ನ ಸೈಕಲ್ಲಿನ ಫ್ರೀ ವೀಲು. ಜಗತ್ತಿನ ಬಹುದೊಡ್ಡ ಸೈಕಲ್ ಬಿಡಿಭಾಗಗಳ ಸಂಸ್ಥೆ ಬೆಳೆದದ್ದು ಆ ಒಂದು ಬಿಲ್ಲೆಯಿಂದ. ಡಿರೇಲರಿನಂತಹ ಸೂಕ್ಷ್ಮ ಭಾಗಗಳನ್ನು ತಯಾರಿಸುವುದು ಸಣ್ಣ ಘಟಕಕ್ಕೆ ಕಷ್ಟಸಾಧ್ಯವಿರಬಹುದು. ಆದರೆ 30, 32, 36 ಹಲ್ಲಿನ ಚೈನ್ ವೀಲು, ಅದರ ರಕ್ಷಾಕವಚ, ಚೈನ್ ಕವರ್, ಬಲವಾದ ಕ್ಯಾರಿಯರ್, ಡಿರೇಲರ್ ಕೂರಿಸುವ ಪಟ್ಟಿ – ಇವು ಪೀಣ್ಯ ಅಥವಾ ಬೆಳಗಾವಿಯ ಘಟಕಗಳ ಪ್ರೆಸ್ಸು ಮತ್ತು ಲೇತುಗಳಿಗೆ ಹೊಸ ಕೆಲಸವೇನಲ್ಲ. ಸೈಕಲ್ ಬಿದ್ದಾಗ ಮೊದಲು ಬಾಗುವುದು ಈ ಡಿರೇಲರ್ ಪಟ್ಟಿಯೇ. ಅದು ಸಿಗದೆ ಇಡೀ ಸೈಕಲ್ಲು ಮೂಲೆ ಸೇರಿದ ಪ್ರಸಂಗಗಳು ವಿರಳವಲ್ಲ. ಗುಡ್ಡಗಾಡಿನ ವ್ಯಾಪಾರಿಗಳು ಒಗ್ಗೂಡಿ ಬೇಡಿಕೆ ಸಲ್ಲಿಸಿದರೆ ಸಣ್ಣ ಘಟಕಕ್ಕೂ ಲಾಭದಾಯಕವಾದ ಪ್ರಮಾಣ ಒದಗಬಹುದು.

ತೆರಿಗೆಯ ಸ್ಥಿತಿಯೂ ಈಗ ಬದಲಾಗಿದೆ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಸೈಕಲ್ಲು ಮತ್ತು ಅದರ ಬಿಡಿಭಾಗಗಳ ಮೇಲೆ ಶೇಕಡಾ 12ರಷ್ಟಿದ್ದ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಸಲಾಗಿದೆ. ಇದರಿಂದ ದೊರೆತ ಅವಕಾಶವನ್ನು ಮತ್ತಷ್ಟು ಗೇರ್ ತುರುಕಲು ಬಳಸುವ ಬದಲು ಒಳ್ಳೆಯ ಚೈನು, ಗಟ್ಟಿ ರಿಮ್ಮು, ಮಡ್‌ಗಾರ್ಡಿಗೆ ಬಳಸಿದರೆ ಗ್ರಾಹಕನಿಗೆ ಹಿತ. ಉಕ್ಕಿನ ಮೇಲೆ ಶೇಕಡಾ 18 ತೆರಿಗೆ ಕಟ್ಟಿ, ತಯಾರಾದ ಭಾಗಕ್ಕೆ ಶೇಕಡಾ 5 ವಸೂಲು ಮಾಡುವ ಉತ್ಪಾದಕರಲ್ಲಿ ಹೂಡುವಳಿ ತೆರಿಗೆ ಬಾಕಿ ಉಳಿಯುವ ಸಂಭವ ಹೆಚ್ಚು. ಕೇಂದ್ರ ಜಿಎಸ್‌ಟಿ ಕಾಯಿದೆಯ 54(3)ನೇ ಕಲಮಿನಡಿ ಅದರ ಮರುಪಾವತಿ ಕೋರಲು ಅವಕಾಶವಿದೆ. ಎರಡು ವರ್ಷದ ಕಾಲಮಿತಿಯನ್ನು ಗಮನದಲ್ಲಿಟ್ಟು ಸಕಾಲಕ್ಕೆ ಅರ್ಜಿ ಸಲ್ಲಿಸದಿದ್ದರೆ ದುಡಿಯುವ ಬಂಡವಾಳ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಮಾರಾಟದ ಕಟ್ಟೆಯಲ್ಲಿ

ಗ್ರಾಹಕನಿಗೆ ಅನುಪಾತಗಳ ಪಾಠ ಹೇಳಬೇಕಾಗಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ದಿನಾ ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ? ಸಾಮಾನು ಎಷ್ಟಿರುತ್ತದೆ? ಈಗ ಯಾವ ಜಾಗದಲ್ಲಿ ಇಳಿದು ತಳ್ಳುತ್ತೀರಿ? ಮಳೆಗಾಲದಲ್ಲಿ ಸೈಕಲ್ಲು ಎಲ್ಲಿ ನಿಲ್ಲುತ್ತದೆ? ಇವುಗಳಲ್ಲಿ ಮೂರನೆಯ ಪ್ರಶ್ನೆಯ ಉತ್ತರವೇ ಬೇಕಾದ ಗೇರನ್ನು ಹೇಳಿಬಿಡುತ್ತದೆ. ಕೊನೆಯದರ ಉತ್ತರದಿಂದ ಚೈನ್ ಕವರ್ ಬೇಕೋ ಬೇಡವೋ ತಿಳಿಯುತ್ತದೆ.

ಮಾರಿದ ಮೇಲೆ ಒಂದು ತಿಂಗಳಿಗೆ ಸೈಕಲ್ಲನ್ನು ತಪ್ಪದೆ ತರಿಸಿಕೊಳ್ಳಬೇಕು. ಹೊಸ ತಂತಿ ಆ ಅವಧಿಯಲ್ಲಿ ಸಡಿಲಗೊಂಡು ಗೇರ್ ತಾನಾಗಿ ಜಾರತೊಡಗುತ್ತದೆ. ಗ್ರಾಹಕ ಇದನ್ನು ಮಾಲಿನ ದೋಷವೆಂದೇ ಭಾವಿಸುತ್ತಾನೆ. ತಂತಿಯ ಬಿಗಿ ಸರಿಪಡಿಸಲು ಬೇಕಾಗುವುದು ಐದು ನಿಮಿಷ. ಚೈನಿನ ಸವೆತವನ್ನು ಅಳೆಯಲು ಸಾಧಾರಣ ಅಂಗುಲದ ಪಟ್ಟಿಯೇ ಸಾಕು. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ. ಅದು ಹದಿನಾರನೇ ಒಂದು ಅಂಗುಲ ಹಿಗ್ಗಿದಾಗ ಚೈನನ್ನು ಮಾತ್ರ ಬದಲಿಸಬೇಕು. ಎಂಟನೇ ಒಂದು ಅಂಗುಲದವರೆಗೆ ಬಿಟ್ಟರೆ ಬಿಲ್ಲೆಗಳ ಹಲ್ಲೂ ಸವೆದು ಅವನ್ನೂ ಬದಲಿಸಬೇಕಾಗುತ್ತದೆ. ಇದನ್ನು ಸಕಾಲಕ್ಕೆ ತಿಳಿಸುವ ವ್ಯಾಪಾರಿ ಒಂದು ಫ್ರೀ ವೀಲಿನ ಮಾರಾಟವನ್ನು ಕಳೆದುಕೊಳ್ಳಬಹುದು. ಆದರೆ ಆ ಗ್ರಾಹಕನ ತಂಗಿಯ ಸೈಕಲ್ಲೂ, ಮುಂದೆ ಮಗನ ಸೈಕಲ್ಲೂ ಅದೇ ಅಂಗಡಿಯಿಂದ ಹೋಗುತ್ತವೆ.

ಮುಂದಿನ ಹಂಗಾಮಿಗೆ ಮಾಲು ತರಿಸುವ ಮುನ್ನ ವ್ಯಾಪಾರಿ ಬಂಧುಗಳು ತಮ್ಮ ಊರಿನ ಅತ್ಯಂತ ಕಡಿದಾದ ದಿನನಿತ್ಯದ ರಸ್ತೆಗೆ ಒಂದು ಬೆಳಿಗ್ಗೆ ಹೋಗಿ ನಿಂತು, ಎಷ್ಟು ಜನ ಸವಾರರು ಎಲ್ಲಿ ಇಳಿದು ತಳ್ಳುತ್ತಾರೆ ಎಂದು ಎಣಿಸುವುದು ಉಪಯುಕ್ತ. ಹಾಗೆ ಇಳಿದ ಪ್ರತಿಯೊಬ್ಬನೂ ಇನ್ನೂ ಸರಿಯಾದ ಸೈಕಲ್ಲು ಸಿಗದ ಗ್ರಾಹಕನೇ ಆಗಿದ್ದಾನೆ.